ಮೂವತ್ತೈದು ವೋಲ್ಟಿನ ಕೆಪಾಸಿಟರ್

ಸವಾಲು-ಜವಾಬಿನ ಹರದೇಶಿ-ನಾಗೇಶಿ ಹಾಡಿಕೆಯ ಶೇವಂತೆವ್ವ ಸಿಂದಗಿ ಬಸ್‌ಸ್ಟ್ಯಾಂಡಿನೆದುರು, ನಾಲ್ಕು ಜನ ಚಹಾ ಕುಡಿಯುತ್ತಿದ್ದಾಗಲೇ ಮೈಕ್‌ಸೆಟ್ಟಿನ ಮಾಳಿಂಗನಿಗೆ ಅಂದುಬಿಟ್ಟಿದ್ದಳು: "ಮಾಳಿಂಗಣ್ಣ, ನಿನ್ನ ಪೆಟ್ಟಿಗಿ ನನ್ನ ದನಿ ನುಂಗತೈತಿ. ಇನ್ನ ಮ್ಯಾಲ ಅರುಣನ ಪೆಟ್ಟಿಗಿ ಇದ್ರ ಅಷ್ಟ ನಾ ಹಾಡಾಕಿ."

ಅರುಣಕುಮಾರ! ಮಾಳಿಂಗನ ಅಂಗಡಿಯಲ್ಲೇ ಬೆಸುಗೆ ಕಲಿತವನು, ಈಗ ಎದುರಿಗೇ ಅಂಗಡಿ ಹಾಕಿ ಆಂಪ್ಲಿಫೈಯರ್ ಪೆಟ್ಟಿಗೆ ಕಟ್ಟಿ ಮಾರುತ್ತಿದ್ದ. ಮನಗೂಳಿಯ ಹಾಡಿಕೆಗೂ ಅವನದೇ ಸೆಟ್ಟು ನಿಗದಿಯಾಯಿತು. ಮಾಳಿಂಗನಿಗೆ ಆ ಊರವರಿಂದ ಬಂದ ಕರೆ ಇಷ್ಟೇ: "ನಿಮ್ದೂ ಒಂದ್ ಇರ್ಲಿ ಬಿಡ್ರಿ, ಅದು ಕೈಕೊಟ್ರ ಬೇಕಾಗ್ತೈತಿ." ಇಂಡಿ, ಮುದ್ದೇಬಿಹಾಳದ ತನಕ ಮೆರೆದವನು ಈಗ ಸ್ಟೆಪ್ನಿ. ಅವನಿಗೆ ಮೈಯೆಲ್ಲ ಉರಿಯಿತು. ಅದು ಕೈಕೊಡುವಂತೆ ಮಾಡಿದರಾಯಿತು ಎಂದುಕೊಂಡ.

ದಾರಿ ಅವನಿಗೆ ಗೊತ್ತಿತ್ತು. ಹಾಡುವವರು ದನಿ ಎತ್ತಿದಾಗ ಆಂಪ್ಲಿಫೈಯರ್ ಒಮ್ಮೆಲೇ ಹೆಚ್ಚು ಕರೆಂಟು ಕೇಳುತ್ತದೆ. ಆಗ ಪಕ್ಕದಲ್ಲೇ ನಿಂತು ಪೂರೈಸುವುದು ಬೈಪಾಸ್ ಕೆಪಾಸಿಟರ್, ನಳ ಸಣ್ಣಗಾದಾಗ ಒಲೆ ಪಕ್ಕದ ಕೊಡ ಇದ್ದ ಹಾಗೆ. ಒಳಗೆ ಹರಿಯುವುದು ನಲವತ್ತಕ್ಕೂ ಮಿಕ್ಕಿದ ವೋಲ್ಟು. ಅರುಣ ಅರವತ್ಮೂರು ವೋಲ್ಟು ತಡೆಯುವಂಥದು ಹಾಕಿರುತ್ತಾನೆ. ಹಾಗೆ ಕಲಿಸಿದವನೇ ಮಾಳಿಂಗ. ಅಲ್ಲಿ ಹದಿನಾರರದು ಹಾಕಿದರೆ ಸ್ವಿಚ್ ಒತ್ತಿದೊಡನೆ ಸಿಡಿದು, ಹಾಡು ಶುರುವಾಗುವ ಮೊದಲೇ ರಿಪೇರಿಯೂ ಆಗಿಬಿಡುತ್ತದೆ. ಮೂವತ್ತೈದರದಾದರೆ ಬಿಸಿಯಾಗುತ್ತ ಹೋಗಿ, ಪದ ಏರುವ ಹೊತ್ತಿಗೆ ಸಿಡಿಯುತ್ತದೆ. ಅದಕ್ಕೆ ಅರವತ್ಮೂರು ಎಂದು ಅಚ್ಚಾದ ಪ್ಲಾಸ್ಟಿಕ್ ಅಂಗಿಯೊಂದನ್ನು ಸುಲಿದು ತೊಡಿಸಿದ. ಯಾರು ನೋಡಿದರೂ ಅರುಣ ಹಾಕಿದ್ದೇ ಸಿಡಿಯಿತು ಅನ್ನಬೇಕು. ಒಳ್ಳೆಯ ಕೆಪಾಸಿಟರನ್ನೂ ಅವನು ಎಂದೂ ಇಷ್ಟು ಅಕ್ಕರೆಯಿಂದ ಆರಿಸಿರಲಿಲ್ಲ.

ಮನಗೂಳಿಯಲ್ಲಿ ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರು.

"ನೀವು ಹೋಗ್ರಿ, ಸಾಮಾನ ನಾ ನೋಡ್ಕೋತೇನಿ," ಅಂದ ಮಾಳಿಂಗ.

"ಗುರುಗಳು ಇದ್ದಮ್ಯಾಲ ನನಗೇನ್ ಚಿಂತಿರಿ," ಅಂದು ಅರುಣ ಹೊರಟ.

ಆ ಮಾತು ಸ್ವಲ್ಪ ಚುಚ್ಚಿತು, ಆದರೆ ಕೈ ನಿಲ್ಲಲಿಲ್ಲ. ವೇದಿಕೆಯ ಹಿಂದೆ ಮುಚ್ಚಳ ಬಿಚ್ಚಿ, ಇದ್ದದ್ದನ್ನು ಕಿತ್ತು, ತನ್ನದನ್ನು ಬೆಸೆದು ಮತ್ತೆ ಮುಚ್ಚಿದ. ಅವರು ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಬೇವಿನ ನೆರಳಲ್ಲಿ ಬೀಡಿ ಸೇದುತ್ತಿದ್ದ.

ಎಲ್ಲ ಅಂದುಕೊಂಡಂತೆಯೇ ಆಯಿತು. ಶೇವಂತೆವ್ವ ಎದುರು ಮೇಳಕ್ಕೆ ಸವಾಲು ಹಾಕಿ ದನಿ ಎತ್ತಿದಳು. ಪಟ್ಟೆಂದು ಏನೋ ಸಿಡಿಯಿತು, ಸ್ಪೀಕರುಗಳು ಗೊರ್ರೆಂದು ಸತ್ತವು. ಜನ ಸಿಳ್ಳೆ ಹಾಕಿದರು. ಮಾಳಿಂಗ ತನ್ನ ಪೆಟ್ಟಿಗೆ ಹೊತ್ತು ವೇದಿಕೆ ಹತ್ತಿದ. "ನಂದು ದನಿ ನುಂಗತೈತಿ ಖರೆ, ಆದ್ರ ಸಿಡಿಯೂದಿಲ್ಲ ನೋಡವಾ," ಅಂದ. ಬಹಳ ದಿನಗಳ ಮೇಲೆ ಅವನಿಗೆ ಮನಸಾರೆ ಖುಷಿಯಾಗಿತ್ತು.

ಅರುಣ ಎಲ್ಲರ ಮುಂದೆಯೇ ಮುಚ್ಚಳ ಬಿಚ್ಚಿ, ಬೋರ್ಡನ್ನು ತಿರುವಿ ನೋಡಿದ. ಗಿರಾಕಿಗಳು ಬೇರೆಯವರ ಕೆಲಸ ತಂದು ಗ್ಯಾರಂಟಿ ಕೇಳಬಾರದೆಂದು, ತಾನು ಬೆಸೆದ ಪ್ರತಿ ಜೋಡಣೆಯ ಮೇಲೂ ಹೆಂಡತಿಯ ಗುಲಾಬಿ ನೇಲ್‌ಪಾಲಿಶಿನ ಒಂದು ಚುಕ್ಕೆ ಇಡುವುದು ಮಾಳಿಂಗನ ರೂಢಿ. ಸುತ್ತಿನ ಹಾಡಿಕೆಯವರಿಗೆಲ್ಲ ಆ ಬಣ್ಣ ಗೊತ್ತು. ಇವತ್ತೂ ಬೆಸುಗೆ ಆರಿದ ಕೂಡಲೇ ಕೈ ತಾನಾಗಿ ಶೀಶೆಗೆ ಹೋಗಿತ್ತು. "ಗುರುಗಳ," ಅರುಣ ಶೇವಂತೆವ್ವನಿಗೂ ಕಾಣುವಂತೆ ಬೋರ್ಡನ್ನು ಎತ್ತಿ ಹಿಡಿದ, "ಈ ಪೆಟ್ಟಿಗಿ ಕಟ್ಟಿದಾಂವ ನಾನು. ಇದರಾಗ ನಿಮ್ಮ ಗ್ಯಾರಂಟಿ ಚುಕ್ಕಿ ಹ್ಯಾಂಗ ಬಂತ್ರಿ?"