ಗಾಜಿನೊಳಗಿನ ಕೂದಲು

"ಬೇರೆ ಯಾವ್ದನ್ನಾದ್ರೂ ತಗೊಂಡ್ಹೋಗು ಮಗಾ. ಉಪ್ಪಿನ ಮಡಕೇಲಿರೋದನ್ನ ಮಾತ್ರ ಮುಟ್ಬೇಡ. ಅದಕ್ಕೆ ಮಾಟ ಮಾಡಿದಾರೆ."

ಪರಾಸ್ಕಾ ಅಜ್ಜಿ ಹೀಗೆಂದಾಗ ಓಸ್ಟಾಪನಿಗೆ ನಗು ತಡೆಯಲಾಗಲಿಲ್ಲ. ಹಳೆಯ ಕ್ಯಾಲ್ಕುಲೇಟರುಗಳನ್ನು ಬಿಚ್ಚಿ ನೋಡುವುದು, ರಿಪೇರಿ ಮಾಡುವುದು ಅವನ ಹುಚ್ಚು. ಅಜ್ಜಿಯ ಗಂಡ ಹ್ನಾತ್ ಮನೆಯಲ್ಲಿ ಅಂಥವು ಕೆಲವಿವೆ ಎಂದು ಫೋನ್ ಮಾಡಿ ಕರೆದನೆಂದೇ ಅವನು ಖಾರ್ಕಿವ್‌ನಿಂದ ದ್ನಿಪ್ರೊ ನದಿ ದಂಡೆಯ ಈ ಊರಿಗೆ ಬಂದಿದ್ದ. ಇಲ್ಲಿನ ಕಾರ್ಖಾನೆಯಲ್ಲಿ ಅವುಗಳನ್ನು ರೂಪಿಸುತ್ತಿದ್ದ ಹ್ನಾತ್ ಈಗ ಎರಡೂ ಕಣ್ಣು ಕಳೆದುಕೊಂಡು ಒಲೆಯ ಪಕ್ಕ ಕೂತಿದ್ದ.

"ದೆವ್ವಕ್ಕೆ ಗುಣಾಕಾರ ಬರುತ್ತಾ ಅಜ್ಜಿ? ಕೂಡೋದು, ಕಳೆಯೋದು ಮಾತ್ರಾನಾ?"

ಅಜ್ಜಿ ನಗದೆ ಹಳೆಯ ಕತೆ ಹೇಳತೊಡಗಿದಳು. ಹ್ನಾತ್ ಮದುವೆಯಾಗಬೇಕಿದ್ದುದು ಮೊಟ್ರಿಯಾಳನ್ನು. ಅದೇ ಕಾರ್ಖಾನೆಯಲ್ಲಿ, ಕ್ಯಾಲ್ಕುಲೇಟರಿನ ಅಂಕಿಗಳು ಬೆಳಗುವ ಗಾಜಿನ ನಳಿಗೆಯ ಬಾಯಿ ಮುಚ್ಚುವ ಕೆಲಸ ಅವಳದು. ಅವಳನ್ನು ಬಿಟ್ಟು ಅವನು ಪರಾಸ್ಕಾಳ ಕೈ ಹಿಡಿದ. ಮದುವೆಯ ದಿನ ಮೊಟ್ರಿಯಾ ಉಪ್ಪಿನ ಮಡಕೆಯಲ್ಲಿರುವ ಈ ಕ್ಯಾಲ್ಕುಲೇಟರನ್ನು ಉಡುಗೊರೆ ಕೊಟ್ಟು, ಇದು ಬೆಳಗಿದಷ್ಟೂ ನಿನ್ನ ಕಣ್ಣು ಆರಲಿ ಎಂದು ಶಪಿಸಿ ಹೋದಳಂತೆ. ವರ್ಷ ತುಂಬುವುದರೊಳಗೆ ಅವನು ಕುರುಡನಾದ. ಡಾಕ್ಟರುಗಳಿಗೆ ಕಾರಣ ಸಿಗಲಿಲ್ಲ.

ಇಷ್ಟು ಹೇಳಿ ಅಜ್ಜಿ ಬಾವಿಗೆ ಹೋದಳು. ಹೊರಗೆ ನಡುಹಗಲಲ್ಲೇ ನದಿಯ ಮಂಜು ಕಿಟಕಿಗೆ ಅಂಟಿಕೊಂಡಿತ್ತು. ಒಳಗೆ ಹೊಗೆ, ಹುಳಿ ಎಲೆಕೋಸಿನ ಘಾಟು.

ಮುದುಕ ತಲೆಯೆತ್ತಿದ. "ಮಡಕೆ ಒಲೆ ಹಿಂದಿದೆ. ಅವಳು ಬರೋದ್ರೊಳಗೆ ತೆಗಿ. ನಾನೇ ಮಾಡಿದ್ದಪ್ಪ, ಒಳಗೆ ಹೇಗಿದೆ ಅಂತ ಒಂದ್ಸಲ ಹೇಳು, ಸಾಕು."

ಓಸ್ಟಾಪ್ ಉಪ್ಪಿನೊಳಗೆ ಕೈ ಹಾಕಿದ. ಸಿಕ್ಕಿದ್ದು ಹೆಣದ ಬೆರಳಿನಷ್ಟು ತಣ್ಣಗಿತ್ತು. ತಿರುಪು ಬಿಚ್ಚಿದ. ಪುಸ್ತಕದಂತೆ ಮಡಚಿದ ಎರಡು ಸರ್ಕ್ಯೂಟ್ ಹಲಗೆಗಳು, ಗುಂಡಿಗಳ ಕೆಳಗೆ ಬೆನ್ನುಬ್ಬಿದ ತಗಡಿನ ಬಿಲ್ಲೆಗಳು. ಎಷ್ಟು ಅಚ್ಚುಕಟ್ಟು ಕೆಲಸವೆಂದು ಹೊಗಳುತ್ತ ಒಂದೊಂದನ್ನೇ ಬಣ್ಣಿಸಿದ. ಮುದುಕ ಕಿವಿಗೊಟ್ಟು ಹತ್ತಿರ ಸರಿಯುತ್ತಿದ್ದ.

ಗಾಜಿನ ನಳಿಗೆಗೆ ಬಂದಾಗ ಓಸ್ಟಾಪನ ಮಾತು ನಿಂತಿತು. ಒಳಗೆ ಬಿಗಿದಿದ್ದ ಸಪೂರ ತಂತಿಗಳ ನಡುವೆ ಇನ್ನೊಂದು ಎಳೆ. ಉದ್ದದ, ಕೆಂಚು ಬಣ್ಣದ ಹೆಂಗಸಿನ ಕೂದಲು. ನಳಿಗೆಯ ತುದಿಯಲ್ಲಿ, ಗಾಳಿ ಸೋಕಿದರೆ ಮಂಕಾಗುವ ಬೆಳ್ಳಿ ಮಚ್ಚೆ ಇನ್ನೂ ಹೊಳೆಯುತ್ತಿತ್ತು. ಅಂದರೆ ಒಳಗೆ ಗಾಳಿ ಹೊಕ್ಕಿಲ್ಲ, ಯಾರೂ ಒಡೆದಿಲ್ಲ. ಗಾಜನ್ನು ಕಾಯಿಸಿ ಬಾಯಿ ಮುಚ್ಚುವಾಗಲೇ ಕೂದಲು ಸುಟ್ಟು ಬೂದಿಯಾಗಬೇಕಿತ್ತು. ಆಗಿರಲಿಲ್ಲ.

"ಹಚ್ಚು," ಎಂದ ಮುದುಕ.

ಓಸ್ಟಾಪ್ ಬ್ಯಾಟರಿ ಹಾಕಿ ಸ್ವಿಚ್ ಒತ್ತಿದ. ಸೊಳ್ಳೆಯ ಗುಂಯ್ ದನಿ. ಹಸಿರು ಸೊನ್ನೆಯೊಂದು ಕಣ್ತೆರೆಯಿತು. ಕೂದಲು ಕೆಂಡದಂತೆ ಕೆಂಪಾಯಿತು. ಗುಂಡಿಗಳನ್ನು ಒತ್ತಿದಂತೆ ಅಂಕಿಗಳು ಪ್ರಖರವಾದವು. ಮಂಜು ದಟ್ಟವಾಗುತ್ತಿದೆ ಎಂದುಕೊಂಡ. ಕಿಟಕಿ ಮಸುಕಾಯಿತು. ಒಲೆ ಮಸುಕಾಯಿತು. ಅವನ ಕೈಯೇ ಅವನಿಗೆ ಮಸುಕಾಯಿತು.

"ನಿನ್ನ ಹಣೆ ಮೇಲೆ ಗಾಯದ ಗುರುತಿದೆ," ಎಂದ ಮುದುಕ ಮೆಲ್ಲಗೆ.

ಓಸ್ಟಾಪ್ ಗಾಬರಿಯಿಂದ ಸ್ವಿಚ್ ಎಳೆದ. ಆರಲಿಲ್ಲ. ಬ್ಯಾಟರಿ ಕಿತ್ತೆಸೆದ. ಆರಲಿಲ್ಲ. ಎಡಗಣ್ಣು ಕತ್ತಲಾಯಿತು. ಬಲಗಣ್ಣಿಗೂ ಕತ್ತಲು ಹರಿಯತೊಡಗಿತು. ಕಣ್ಣು ಮುಚ್ಚಿದ. ರೆಪ್ಪೆಯೊಳಗೂ ಹಸಿರು. ಏಳಲು ಹೋದ. ಮುದುಕನ ಬೆರಳುಗಳು ಅವನ ಮಣಿಕಟ್ಟನ್ನು ಕಚ್ಚಿ ಹಿಡಿದಿದ್ದವು.

"ಇನ್ನು ಸ್ವಲ್ಪ. ಇನ್ನು ಸ್ವಲ್ಪಾನೇ."

ಬಾಗಿಲಲ್ಲಿ ಬಕೆಟ್ ಉರುಳಿತು. ಪರಾಸ್ಕಾ ಓಡಿ ಬಂದು ಆ ಯಂತ್ರವನ್ನು ಕಸಿದು ಉಪ್ಪಿನೊಳಗೆ ಹೂತಳು. ಕೂದಲು ಸುಟ್ಟ ವಾಸನೆ ಭುಗಿಲೆದ್ದಿತು. ಗುಂಯ್ ದನಿ ನಿಂತಿತು.

ಓಸ್ಟಾಪನ ಬಲಗಣ್ಣಿಗೆ ನಿಧಾನವಾಗಿ ಮನೆ ಮರಳಿತು. ಎಡಗಡೆ ಏನೂ ಇರಲಿಲ್ಲ.

"ಇನ್ನೊಬ್ರದು ಆರಿದ್ರೆ ಮಾತ್ರ ನಿಂದು ಹತ್ತುತ್ತೆ ಅಂದಿದ್ಳು ಮೊಟ್ರಿಯಾ," ಅಜ್ಜಿ ಗಂಡನ ಕಡೆ ತಿರುಗಿದಳು. "ಅದಕ್ಕೇ ಅಲ್ವಾ ಈ ಹುಡುಗನ್ನ ಕರೆಸಿದ್ದು?"

ಹ್ನಾತ್ ಎಷ್ಟೋ ಕಾಲದ ಮೇಲೆ ಹೆಂಡತಿಯನ್ನು ನೋಡುತ್ತಿದ್ದ. ಅವಳು ತಲೆವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡಳು.

"ಕದ್ದ ಕಣ್ಣಲ್ಲಿ ನನ್ನ ನೋಡ್ಬೇಡ."

ಮುದುಕ ಓಸ್ಟಾಪನ ಕಡೆ ತಿರುಗಿ ಕೈ ಮುಗಿದ. "ಮಗಾ, ಅವಳ ಮುಖ ಸರಿಯಾಗಿ ಕಾಣ್ಲಿಲ್ಲ. ಇನ್ನೊಂದೇ ಸಲ ಹಚ್ಚು."

ಅವನ ಒಂದು ಕಣ್ಣು ಹಾಲಿನಂತೆ ಬೆಳ್ಳಗಿತ್ತು. ಬೇಡುತ್ತಿದ್ದ ಇನ್ನೊಂದು, ಕಂದು ಬಣ್ಣದ್ದು. ಅದನ್ನು ಓಸ್ಟಾಪ್ ದಿನವೂ ಕನ್ನಡಿಯಲ್ಲಿ ಕಂಡಿದ್ದ.