ಗಾಜಿನ ಮಗ್ಗುಲಿನ ಡಬ್ಬಿ

ಅವಳು ಕಂಪ್ಯೂಟರಿಗೆ ಕೇಳಿದ್ದು ಕರಿ ಡಬ್ಬಿ. ನಾಲ್ಕೂ ಕಡೆ ತಗಡು, ಮುಂದೆ ಗಾಳಿಯಾಡಲು ಜಾಲರಿ, ಮೇಲೆ ಪವರ್ ಬಟನ್ನು, ಪೆನ್‌ಡ್ರೈವ್ ಚುಚ್ಚಲು ಎರಡು ಕಿಂಡಿ. ಲೈಟು ಗೀಟು ಏನೂ ಬೇಡ ಎಂದು ಎರಡೆರಡು ಸಲ ಹೇಳಿದ್ದಳು.

ಕಂಪ್ಯೂಟರ್ ಜೋಡಿಸುವವನು ಅದನ್ನು ಸಂಕೋಚ ಎಂದುಕೊಂಡ. ಪಕ್ಕದ ಬೀದಿಯ ಸ್ಟುಡಿಯೋದ ಮದುವೆ ಫೋಟೋಗಳಿಗೆ ಮನೆಯಲ್ಲೇ ಕೂತು ಬಣ್ಣ ತಿದ್ದಿಕೊಡುವ ಹುಡುಗಿ ಅವಳು. ಅಂಗಡಿಗೆ ಬಂದಾಗಲೆಲ್ಲ ಗಾಜಿನ ಡಬ್ಬಿಗಳ ಮೇಲೊಮ್ಮೆ ಕಣ್ಣು ಹಾಯಿಸಿ, ಆಮೇಲೆ ಇವನತ್ತ ತಿರುಗಿ, ಆ ಕಣ್ಣನ್ನೇ ಕಿರಿದು ಮಾಡಿ ನಗುತ್ತಿದ್ದಳು. ಇವನು ಅದಕ್ಕೆ ಎಂದೋ ಸೋತುಹೋಗಿದ್ದ.

ಹಾಗಾಗಿ ಒಂದು ಮಗ್ಗುಲು ಪೂರಾ ಗಾಜಿರುವ, ಮುಂದಿನ ಮೂರು ಫ್ಯಾನುಗಳು ಗುಲಾಬಿ ಬಣ್ಣದಲ್ಲಿ ಬೆಳಗುವ ಡಬ್ಬಿಯನ್ನು ತಂದು ಅವಳ ಮೇಜಿನ ಮೇಲಿಟ್ಟ.

"ಚೆನ್ನಾಗೇನೋ ಇದೆ. ಈ ಲೈಟ್ ಆರಿಸೋಕಾಗಲ್ವಾ?" ಎಂದಳು.

ಮೇಲೊಂದು ಪುಟ್ಟ ಬಟನ್ನು ಇದ್ದದ್ದೇ ಅದಕ್ಕೆ. ಅದರ ವೈರನ್ನು ಇವನು ಬೇಕೆಂದೇ ಸಿಕ್ಕಿಸಿರಲಿಲ್ಲ.

"ಇಲ್ಲ, ಅದು ಫ್ಯಾನ್ ಜೊತೆಗೇ ಬರೋದು," ಎಂದುಬಿಟ್ಟ, ನೀರು ಕುಡಿದಷ್ಟು ಸಲೀಸಾಗಿ.

ಅವಳು ನಂಬಿದಳು.

ಮೂರು ವಾರದ ನಂತರ ಅಂಗಡಿಗೆ ಬಂದವಳ ಮುಖದಲ್ಲಿ ನಗುವಿರಲಿಲ್ಲ. ಕಂಪ್ಯೂಟರನ್ನು ವಾಪಸ್ ತಗೊಳ್ತೀರಾ ಎಂದು ಕೇಳಿದಳು. ಒಂದಿಡೀ ಆಲ್ಬಂ ಕೆಟ್ಟಿತ್ತಂತೆ. ಪರದೆಯ ಮೇಲೆ ಮುಖಗಳು ತೀರಾ ಕೆಂಪಾಗಿ ಕಂಡವೆಂದು ಕೆಂಪು ಇಳಿಸುತ್ತಾ ಹೋದಳಂತೆ. ಅಚ್ಚಾಗಿ ಬಂದಾಗ ಮದುಮಕ್ಕಳಿಂದ ಹಿಡಿದು ಅಜ್ಜಿಯವರೆಗೆ ಎಲ್ಲರೂ ಹಳದಿ. ಮದುವೆ ಆಲ್ಬಂ ಕೇಳಿದರೆ ಕಾಮಾಲೆ ವಾರ್ಡು ಕೊಟ್ಟಿದ್ದೀಯಲ್ಲಮ್ಮ ಎಂದು ಸ್ಟುಡಿಯೋ ಯಜಮಾನರು ಎಲ್ಲರೆದುರು ನಕ್ಕರಂತೆ. ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಅಂದರೂ ಅವಳಿಗೆ ನಂಬಿಕೆ ಬಂದಿರಲಿಲ್ಲ.

"ಬಣ್ಣ ಬಿಟ್ರೆ ನನಗೆ ಬೇರೇನೂ ಬರಲ್ಲ. ಈಗ ಅದೂ ಕಾಣ್ತಿಲ್ಲ," ಎಂದು ಹೇಳಿ ಹೊರಟುಹೋದಳು.

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಗಾಜಿನಿಂದ ಚೆಲ್ಲಿದ ಗುಲಾಬಿ ಬೆಳಕು ಮೂರು ವಾರ ಅವಳ ಪರದೆಯ ಮೇಲೆ ಬಿದ್ದಿತ್ತು. ದಿನವೂ ಉರಿಯುತ್ತಲೇ ಇದ್ದುದರಿಂದ, ಬೆಳಕು ಇದೆಯೆಂಬುದೇ ಅವಳಿಗೆ ಮರೆತುಹೋಗಿತ್ತು. ನೆಲ ಬಾಯಿಬಿಟ್ಟಿದ್ದರೆ ಅವನು ಇಳಿದುಬಿಡುತ್ತಿದ್ದ.

ಸದ್ದಿಲ್ಲದೆ ಕರಿ ಡಬ್ಬಿ ಹಾಕಿಕೊಟ್ಟರೆ ಯಾರಿಗೂ ತಿಳಿಯದು ಎಂಬ ಯೋಚನೆಯೂ ಬಂತು. ಅದನ್ನು ಬಿಲ್ಲು ಬರೆಯುತ್ತಿದ್ದ ಅಕ್ಕನ ಮುಂದೆ ಗೊಣಗಿದ.

ಅಕ್ಕ ತಲೆಯೆತ್ತಲಿಲ್ಲ. "ಡಬ್ಬಿ ಸರಿಹೋಗುತ್ತೆ ಕಣೋ. ತನ್ನ ಕಣ್ಣೇ ಕೆಟ್ಟಿದೆ ಅಂತ ಆ ಹುಡುಗಿ ಹೆದರಿದ್ದಾಳಲ್ಲ, ಅದಕ್ಕೆ ಯಾವ ತಗಡು ಹಾಕ್ತೀಯ?"

ಮಧ್ಯಾಹ್ನವೇ ಕರಿ ಡಬ್ಬಿ ಹೊತ್ತು ಅವಳ ಮನೆಗೆ ಹೋದ. ಕಿಟಕಿಗೆ ಪರದೆ ಎಳೆದಿದ್ದ ಕೋಣೆಯ ಗೋಡೆಯೆಲ್ಲ ತಿಳಿ ಗುಲಾಬಿ. ತಾನು ಆಸೆಪಟ್ಟ ಹಾಗೆಯೇ ಅವಳ ಕೆನ್ನೆಯೂ. ಅದನ್ನು ನೋಡಿದ್ದೇ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನಿಮ್ಮ ಕಣ್ಣು ಸರಿಯಾಗೇ ಇದೆ. ಈ ಲೈಟಿಂದ ಎಲ್ಲಾ ಕೆಂಪಾಗಿ ಕಂಡಿದ್ದು," ಎಂದ ನೆಲ ನೋಡುತ್ತಾ. "ಇದನ್ನ ಆರಿಸಬಹುದಿತ್ತು. ನಾನು ಸುಳ್ಳು ಹೇಳಿದೆ. ಕೆಲಸ ಮಾಡ್ತಾ ಕೂತಾಗ ಈ ಬೆಳಕು ನಿಮ್ಮ ಮುಖದ ಮೇಲೆ ಬೀಳ್ಲಿ ಅಂತ... ನೀವಂದ್ರೆ ಇಷ್ಟ ನನಗೆ. ಅದನ್ನ ಬಾಯಲ್ಲಿ ಹೇಳೋ ಧೈರ್ಯ ಇರ್ಲಿಲ್ಲ."

ಅವಳು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು ಕಂಪ್ಯೂಟರ್ ಆರಿಸಿದಳು, ಕಿಟಕಿಯ ಪರದೆ ಸರಿಸಿದಳು. ಬಿಳಿ ಬಿಸಿಲು ಒಳಬಂತು. ಅವನನ್ನು ಕಿಟಕಿಯ ಹತ್ತಿರ ಕರೆದು, ಫೋಟೋ ನೋಡುವ ಹಾಗೆ ಹಣೆಯಿಂದ ಗಲ್ಲದವರೆಗೆ ನಿಧಾನಕ್ಕೆ ನೋಡಿದಳು. ಅವನಿಗೆ ಕಣ್ಣು ಎತ್ತಲಾಗಲಿಲ್ಲ.

"ಕಿವಿ ತುದಿ ಕಡುಗೆಂಪು. ಕೆನ್ನೆ ಅದಕ್ಕಿಂತ ಒಂಚೂರು ತಿಳಿ. ಸರೀನಾ?"

"ಉರೀತಿರೋದು ನೋಡಿದ್ರೆ ಸರಿಯೇ ಇರ್ಬೇಕು."

"ಹಾಗಾದ್ರೆ ಕಾಣ್ತಿದೆ ನನಗೆ," ಎಂದಳು. ಇಷ್ಟು ದಿನ ತಡೆದಿದ್ದ ಅಳು ಆಗ ಬಂತು.

ಕಣ್ಣೊರೆಸಿಕೊಂಡವಳು, ನಾಳೆ ಸ್ಟುಡಿಯೋಗೆ ಬಂದು ಅಷ್ಟೂ ಜನರೆದುರು ಇದನ್ನು ಹೇಳಬೇಕು ಎಂದಳು.

"ಎಲ್ಲಾನೂ?" ಎಂದ.

"ಸುಳ್ಳು ಹೇಳಿದ್ದನ್ನ ಅವರಿಗೆ ಹೇಳಿ." ಅವಳ ಒದ್ದೆ ಕಣ್ಣು ಮೆಲ್ಲಗೆ ಕಿರಿದಾಯಿತು. "ಯಾಕೆ ಹೇಳಿದ್ರಿ ಅನ್ನೋದು ನನ್ನ ಹತ್ರಾನೇ ಇರ್ಲಿ."