ಗೂಡಿನ ಬುಟ್ಟಿಯ ಚೀಟಿ

ದಯಾಮಣಿ ತೀರಿಕೊಂಡ ಮೇಲಾದರೂ ನನ್ನ ಹಾಡಿಗೆ ಸರದಿ ಬರುತ್ತದೆ ಅಂದುಕೊಂಡಿದ್ದೆ. ಶಿಡ್ಲಘಟ್ಟದ ನಮ್ಮ ಸಂಡೇ ಸ್ಕೂಲಿನಲ್ಲಿ ಸುಗ್ಗಿ ಹಬ್ಬಕ್ಕೆಂದು ಹನ್ನೊಂದು ವರ್ಷ ಇಬ್ಬರೂ ಹಾಡು ಬರೆದೆವು. ಮಕ್ಕಳು ಹಾಡಿದ್ದು ಮಾತ್ರ ಪ್ರತಿ ಸಲವೂ ಅವಳದ್ದೇ. ರೇಷ್ಮೆ ಹುಳು ಸಾಕಿಕೊಂಡಿದ್ದವಳಿಗೆ ಅಂಥ ಪದಗಳು ಎಲ್ಲಿಂದ ಸಿಗುತ್ತಿದ್ದವೋ! ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತಿತ್ತು.

ಈ ವರ್ಷ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಅವಳು ಬರೆದಿಟ್ಟಿದ್ದ ಹೊಸ ಹಾಡೊಂದು ಸಿಕ್ಕಿತು. ಅದರ ಮುಂದೆ ನನ್ನದು ಸಪ್ಪೆ ಎನಿಸಿತು. ಅವಳದ್ದನ್ನೇ ನಕಲು ಮಾಡಿ, ಕೆಳಗೆ ನನ್ನ ಹೆಸರು ಹಾಕಿ, ಮಕ್ಕಳಿಗೆ ಕಲಿಸಿಬಿಟ್ಟೆ.

ಹಬ್ಬದ ಬೆಳಿಗ್ಗೆ ಚರ್ಚು ತುಂಬಿತ್ತು. ಮಕ್ಕಳು ಎರಡನೇ ಚರಣಕ್ಕೆ ಬಂದಾಗ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳಿಸಿತು. ಹಸಿ ಹಿಪ್ಪುನೇರಳೆಯ ವಾಸನೆ ಬಂತು. ನನ್ನ ಕತ್ತಿನ ಹಿಂಭಾಗ ತಣ್ಣಗಾಯಿತು. ತಾಳ ಹಾಕುತ್ತಿದ್ದವಳು ನಾನು, ಆದರೆ ಒಂದು ಮಗುವೂ ನನ್ನ ಕೈ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಭುಜದ ಹಿಂದೆ ಇತ್ತು. ತಿರುಗಿದೆ. ಅಲ್ಲಿ ಬರೀ ಗೋಡೆ.

ಕಾಣಿಕೆ ತಂದ ಬೆಳೆಗೆ ಕೊಟ್ಟವರೇ ತಮ್ಮ ಹೆಸರಿನ ಚೀಟಿ ಬರೆದು ಅಂಟಿಸುವುದು ನಮ್ಮಲ್ಲಿ ವಾಡಿಕೆ. ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರಾದ ಜ್ಞಾನಪ್ಪನವರು ನನ್ನನ್ನು ಕರೆದರು.

"ಏನಮ್ಮ ಪ್ರೇಮಲೀಲಾ, ನೀನು ಯಾವಾಗಿಂದ ಹುಳ ಸಾಕ್ತಿದ್ದೀಯ? ಗೂಡು ಭಾಳ ಚೆನ್ನಾಗಿ ಬಂದಿದಾವೆ ಕಣಮ್ಮ."

ರಾಗಿ ತೆನೆ, ಕುಂಬಳಕಾಯಿಗಳ ನಡುವೆ ಒಂದು ಬುಟ್ಟಿ ತುಂಬ ರೇಷ್ಮೆ ಗೂಡು ಇತ್ತು. ನಾನು ಜನ್ಮದಲ್ಲಿ ಹುಳು ಸಾಕಿದವಳಲ್ಲ.

ಚೀಟಿಯಲ್ಲಿದ್ದದ್ದು ನನ್ನ ಹೆಸರೇ. ಕೈಬರಹ ದಯಾಮಣಿಯದು.